ಮುಯ್ಯಿ ಹಣ ಯಾರ ಉಳಿತಾಯ?

ಎಪ್ಪತ್ತರ ಹೊಸ್ತಿಲಲ್ಲಿರುವ ಗಂಡ ಹೆಂಡತಿಗೆ ಡೈವೋರ್ಸ್ ಕೊಡಿಸಿಬಿಡೋಣ ಎಂಬ ಸಲಹೆ ಈ ವರ್ಷದ ಶುರುವಿನಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂತು.

ಸಲಹೆ ಕೊಟ್ಟವನು ಇಮ್ತಿಯಾಜ್. ಹಾಸನದ ಹುಡುಗ, ಎಂಜಿನಿಯರ್, ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೋದಲ್ಲಿ ನಮ್ಮ ಕೆಳಗಿನ ಫ್ಲೋರಿನವನು. (ಹುಡುಗ ಅಂದೆನಾ? ನಲವತ್ತು ದಾಟಿದೆ. ಊರಿನ ಕಡೆಯವರು ಕಣ್ಣಿಗೆ ಯಾವಾಗಲೂ ಹುಡುಗರೇ.) ನಾನು ಬಡಿಸಿದ ಚಿತ್ರಾನ್ನವನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾ ಅವನು ತಣ್ಣಗೆ ಹೇಳಿದ.

"ಪೇಪರ್ ಮೇಲೆ ಅಷ್ಟೇ ಅಕ್ಕಾ. ಒಂದೇ ಮನೇಲಿರ್ಲಿ, ಒಂದೇ ಕುಕ್ಕರಲ್ಲಿ ಅನ್ನ ಆಗ್ಲಿ. ಸರ್ಕಾರದ ಕಣ್ಣಿಗೆ ಮಾತ್ರ ಬೇರೆ ಬೇರೆ."

ನನ್ನ ಯಜಮಾನರು ಅನ್ನ ಕಲಸುವುದನ್ನು ನಿಲ್ಲಿಸಿ ಯೋಚನೆಗೆ ಬಿದ್ದರು. ಅವರು ನಿಲಾಯ್ ಊರಿನ ಕಾಲೇಜಿನಲ್ಲಿ ಪಾಠ ಮಾಡುವವರು, ಯಾವ ಮಾತನ್ನೂ ತಮಾಷೆಯೆಂದು ತೆಗೆದುಕೊಂಡು ಅಭ್ಯಾಸವಿಲ್ಲ. ಮಗಳು ಫೋನಿನಿಂದ ತಲೆಯೆತ್ತಿ, "ದಟ್ಸ್ ಸೋ ಸ್ಯಾಡ್ ಲಾ" ಅಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೀಗೆ ಬರುತ್ತದೆ.

ಡೈವೋರ್ಸ್ ಯಾರಿಗೆ? ಶ್ರೀಕಂಠಯ್ಯನವರಿಗೆ ಮತ್ತು ಲಲಿತಮ್ಮನವರಿಗೆ. ಪುಚೊಂಗಿನ ಕನ್ನಡದವರಿಗೆ ಇವರ ಪರಿಚಯ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಂಜನಗೂಡಿನ ಶ್ರೀಕಂಠಯ್ಯ ಹರೆಯದಲ್ಲಿ ಕೌಲಾಲಂಪುರದ ಒಂದು ಸಸ್ಯಾಹಾರಿ ಮೆಸ್ಸಿಗೆ ಅಡುಗೆಯವರಾಗಿ ಬಂದವರು. ಇಲ್ಲೇ ನಿಂತರು, ಇಲ್ಲಿನ ಪ್ರಜೆಗಳಾದರು. ಮಕ್ಕಳಿಲ್ಲ. ಮೆಸ್ಸು ಮುಚ್ಚಿ ಎಷ್ಟೋ ಕಾಲವಾಯಿತು, ಸೌಟು ಮಾತ್ರ ಕೈಬಿಟ್ಟಿಲ್ಲ. ಯಾರ ಮನೆಯ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಹುಳಿಯನ್ನ ಅವರದ್ದೇ ಆಗಬೇಕು. ಲಲಿತಮ್ಮ ಸೀರೆಗೆ ಫಾಲ್ ಹೊಲಿಯುತ್ತಾರೆ, ಬ್ಲೌಸ್ ಸರಿಮಾಡಿ ಕೊಡುತ್ತಾರೆ. ಇಬ್ಬರೂ ನಮ್ಮ ರಸ್ತೆಯಾಚೆ ಒಂದು ಹಳೇ ಫ್ಲಾಟಿನಲ್ಲಿ, ಲಿಫ್ಟ್ ಕೆಟ್ಟ ದಿನ ಮನೆಯಿಂದ ಹೊರಗೇ ಬಾರದೆ ಸಂಸಾರ ನಡೆಸುತ್ತಿದ್ದಾರೆ.

ಲಿಫ್ಟ್ ಕೆಟ್ಟರೆ ಯಾಕೆ ಬರುವುದಿಲ್ಲ? ಶ್ರೀಕಂಠಯ್ಯನವರ ಮಂಡಿ. ಡಾಕ್ಟರು ಇನ್ನು ನಿಂತು ಕೆಲಸ ಮಾಡಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದರು. ನಿಲ್ಲದೆ ಅಡುಗೆ ಮಾಡುವುದು ಹೇಗೆ? ಅಡುಗೆ ಮಾಡದೆ ಬಾಡಿಗೆ ಕಟ್ಟುವುದು ಹೇಗೆ?

ಅದಕ್ಕೇ ಅರ್ಜಿ ಹಾಕಿದ್ದು. ಆಸರೆಯಿಲ್ಲದ ವೃದ್ಧರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಸಹಾಯಧನಕ್ಕೆ. ಅದು ಬಂದರೆ ಶ್ರೀಕಂಠಯ್ಯ ಕೂರಬಹುದು. ಬಾರದಿದ್ದರೆ ಒಲೆಯ ಮುಂದೆ ನಿಲ್ಲಬೇಕು. ವಿಷಯ ಅಷ್ಟು ಸರಳವಾಗಿತ್ತು.

ಮನೆ ನೋಡಲು ಅಧಿಕಾರಿಣಿ ಬರುವ ದಿನ ಲಲಿತಮ್ಮ ನನ್ನನ್ನೂ ಕರೆಸಿಕೊಂಡರು. "ಸರ್ಕಾರದೋರು ಬರ್ತಾರೆ ಕಣೇ, ಜೊತೇಲಿ ನೀನೊಬ್ಬಳು ಕೂತಿರು. ಮಾತಾಡೋದೇನೂ ಬೇಡ, ಓದಿದೋಳ ಹಾಗೆ ಕಂಡರೆ ಸಾಕು." (ನಾನು ಓದಿದವಳೇ. ಆದರೂ ಕಾಣಲು ಕನ್ನಡಕ ಹಾಕಿಕೊಂಡು ಹೋದೆ.)

ಬಂದವರು ಪುವಾನ್ ಹಲೀಮಾ. ಪುವಾನ್ ಅಂದರೆ ಇಲ್ಲಿ ಮೇಡಂ ಎಂದ ಹಾಗೆ. ಐವತ್ತರ ಆಸುಪಾಸಿನ, ದುಂಡು ಮುಖದ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದ ಹೆಂಗಸು. ಲಲಿತಮ್ಮನ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಮಲಯ್, ಇಂಗ್ಲಿಷ್ ಎರಡೂ ಬೆರೆತ ಸಂಭಾಷಣೆ ಸುಗಮವಾಗಿಯೇ ಸಾಗಿತ್ತು. ಅಂಕಲ್, ಬ್ಯಾಂಕಿನಲ್ಲಿ ಉಳಿತಾಯ ಎಷ್ಟಿದೆ? ಶ್ರೀಕಂಠಯ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪುವಾನ್ ತಲೆಯಾಡಿಸಿದರು. ಮಿತಿಯ ಒಳಗೇ ಇತ್ತು.

"ಆಂಟಿಯ ಉಳಿತಾಯ?"

"ಅವಳಿಗೆಲ್ಲಿಂದ ಬರ್ಬೇಕು," ಎಂದು ಶ್ರೀಕಂಠಯ್ಯ ನಕ್ಕರು.

ಲಲಿತಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. ಮತ್ತೆ ಸುತ್ತಿಕೊಂಡರು. ಆಮೇಲೆ ಮೆಲ್ಲಗೆ ತಮ್ಮ ಖಾತೆಯಲ್ಲಿ ಇರುವುದನ್ನು ಹೇಳಿದರು.

ಗಂಡನ ಖಾತೆಗಿಂತ ಹೆಚ್ಚಿತ್ತು.

ಶ್ರೀಕಂಠಯ್ಯ ಕುರ್ಚಿಯಲ್ಲೇ ಪೂರ್ತಿ ತಿರುಗಿ ಹೆಂಡತಿಯ ಕಡೆ ನೋಡಿದರು. "ನಿನಗೆ ಅಕೌಂಟ್ ಇದೆಯೇನೇ?"

"ಇದೆ."

"ಯಾವಾಗಿನಿಂದ?"

"ನಿಮಗೆ ಅರವತ್ತಾದಾಗಿನಿಂದ."

ಪುವಾನ್ ಹಲೀಮಾಗೆ ಕನ್ನಡ ಬಾರದು. ಆದರೆ ಗಂಡ ಹೆಂಡತಿ ಇಂಥ ಮಾತಾಡಿದರೆ ಯಾವ ಭಾಷೆಯಾದರೂ ಅರ್ಥವಾಗುತ್ತದೆ. ಅವರು ಕಪ್ಪಿನೊಳಗೆ ಮುಖ ಹುದುಗಿಸಿ ನಗು ತಡೆದುಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಅವರು ನಿಯಮ ಹೇಳಿದರು. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಇಬ್ಬರೂ ಮಿತಿಯೊಳಗೇ. ಆದರೆ ಮದುವೆಯಾದವರದ್ದು ಒಟ್ಟಿಗೆ ಲೆಕ್ಕ. ಒಟ್ಟು ಮಾಡಿದರೆ ಗೀಟು ದಾಟುತ್ತದೆ. ಸ್ವಲ್ಪವೇ, ಆದರೆ ದಾಟುತ್ತದೆ.

ನನಗೆ ಸಿಟ್ಟು ಬಂತು. ಮಾತಾಡಬೇಡ ಅಂದಿದ್ದರೂ ಮಾತಾಡಿದೆ. ದುಡಿದದ್ದನ್ನೆಲ್ಲ ಉಡಾಯಿಸಿದವನಿಗೆ ಹಣ ಸಿಗುತ್ತದೆ, ಫಾಲ್ ಹೊಲಿದು ಕೂಡಿಟ್ಟವರಿಗೆ ಇಲ್ಲವೇ? ಜೊತೆಗಿದ್ದದ್ದಕ್ಕೇ ದಂಡವೇ? ಪುವಾನ್ ಬೇಸರ ಮಾಡಿಕೊಳ್ಳಲಿಲ್ಲ. "ಮೇಡಂ, ಇವರ ಹಿಂದೆ ಕ್ಯೂನಲ್ಲಿ ಖಾತೆಯೇ ಇಲ್ಲದವರು ನಿಂತಿದ್ದಾರೆ. ಅವರ ಮನೆಯಲ್ಲಿ ನನಗೆ ಕಾಫಿಯೂ ಸಿಗುವುದಿಲ್ಲ. ನೀವು ನನ್ನ ಜಾಗದಲ್ಲಿದ್ದರೆ?" ಎಂದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಉಳಿತಾಯ ಮಿತಿಗಿಂತ ಕೆಳಗಿಳಿದರೆ ಮತ್ತೆ ಅರ್ಜಿ ಹಾಕಬಹುದು ಎಂದು ಹೇಳಿ ಅವರು ಹೊರಟರು. ಆ ಸಂಜೆಯೇ ಇಮ್ತಿಯಾಜನ ಡೈವೋರ್ಸ್ ಸಲಹೆ ಬಂದದ್ದು. ಮರುದಿನ ಲಲಿತಮ್ಮನಿಗೆ ಅದನ್ನು ತಮಾಷೆಗೆಂದು ಹೇಳಿದೆ. ಅವರು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟು, "ಅವನಿಗೆ ಇನ್ಮೇಲೆ ಹುಳಿಯನ್ನ ಇಲ್ಲ ಅಂತ ಹೇಳು" ಎಂದರು.

ಹಾಗಾದರೆ ಉಳಿದ ದಾರಿ ಒಂದೇ. ಖರ್ಚು ಮಾಡುವುದು.

ಸುಲಭ ಅಂದುಕೊಂಡಿರಾ? ನಾನೂ ಅಂದುಕೊಂಡೆ. ಮನೆಗೆ ಬೇಕಾದ್ದನ್ನು ಕೊಳ್ಳಿ, ಇಷ್ಟು ವರ್ಷ ಬಾಯಿ ಕಟ್ಟಿ ಬದುಕಿದ್ದೀರಿ, ಒಳ್ಳೇ ಹಾಸಿಗೆ, ಒಳ್ಳೇ ಕುರ್ಚಿ, ಒಂದು ಎಸಿ ಎಂದು ಹುರಿದುಂಬಿಸಿ ಇಬ್ಬರನ್ನೂ ದೊಡ್ಡ ಮಾಲಿಗೆ ಕರೆದೊಯ್ದೆ. ಖರ್ಚು ಮಾಡಿಸುವುದರಲ್ಲಿ ನನಗೆ ಸ್ವಾಭಾವಿಕ ಪ್ರತಿಭೆಯಿದೆ, ನನ್ನ ಯಜಮಾನರನ್ನು ಕೇಳಿ.

ಹಾಸಿಗೆ ಅಂಗಡಿಯಲ್ಲಿ ಶ್ರೀಕಂಠಯ್ಯ ಮಲಗಿ ನೋಡಿದರು. ಕಣ್ಣು ಮುಚ್ಚಿದರು. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ. ಗೆದ್ದೆ ಅಂದುಕೊಂಡೆ. ಕಣ್ಣು ಬಿಟ್ಟು ಬೆಲೆ ಕೇಳಿದರು. ಎದ್ದು ಕೂತರು. "ಈ ರೇಟಿನ ಮೇಲೆ ಮಲಗಿದ್ರೆ ನಿದ್ದೆ ಹೇಗಮ್ಮ ಬರುತ್ತೆ?"

ಕುರ್ಚಿ? "ಮನೇಲಿ ಎರಡಿದೆ, ನಾವೂ ಇಬ್ಬರೇ ಇದ್ದೀವಿ." ಎಸಿ? "ಕಿಟಕಿ ಇದೆಯಲ್ಲ." ಸೀರೆ? ಲಲಿತಮ್ಮ ಅಂಗಡಿಯ ಸೀರೆಯ ಅಂಚನ್ನು ತಿರುಗಿಸಿ ಹೊಲಿಗೆ ನೋಡಿ, ಪಾಪ ಎಂಬಂತೆ ಲೊಚಗುಟ್ಟಿ ವಾಪಸ್ ಮಡಚಿಟ್ಟರು. ಮೇಲೆ ಕೆಳಗೆ ಎಲ್ಲ ಮಹಡಿಯನ್ನೂ ಸುತ್ತಿ ಕೊನೆಗೆ ಕೊಂಡದ್ದೇನು? ಕುಕ್ಕರಿಗೆ ಒಂದು ಗ್ಯಾಸ್ಕೆಟ್. ಅದಕ್ಕೂ ಚೌಕಾಶಿ. ಆಮೇಲೆ ಪಕ್ಕದ ಮಮಕ್ ಅಂಗಡಿಯಲ್ಲಿ (ಇಲ್ಲಿನ ತಮಿಳು ಮುಸ್ಲಿಮರ ಟೀ ಹೋಟೆಲಿಗೆ ಹಾಗನ್ನುತ್ತಾರೆ) ನಾವು ಟೀ ಕುಡಿದೆವು. ಬಿಲ್ಲು ನಾನು ಕೊಡುತ್ತೇನೆಂದು ಪರ್ಸ್ ತೆಗೆಯುವಷ್ಟರಲ್ಲಿ ಶ್ರೀಕಂಠಯ್ಯ ಕೊಟ್ಟಾಗಿತ್ತು. "ನೋಡಮ್ಮ, ಖರ್ಚಾಯ್ತು" ಎಂದರು.

ಉಳಿಸುವುದನ್ನೇ ಬದುಕೆಂದುಕೊಂಡವರಿಗೆ ಒಂದು ಮಧ್ಯಾಹ್ನದಲ್ಲಿ ಖರ್ಚು ಕಲಿಸಲಾಗುತ್ತದೆಯೇ? ನಮ್ಮ ಮನೆಗಳಲ್ಲೂ ಇಂಥವರಿದ್ದರಲ್ಲ. ಉಡುಗೊರೆಯ ಹೊಸ ಟವೆಲನ್ನು ಬೀರುವಿನಲ್ಲಿಟ್ಟು ಹರಿದದ್ದರಲ್ಲೇ ಮೈ ಒರೆಸಿಕೊಂಡವರು. ನಾವು ಅವರನ್ನು ಜಿಪುಣರೆಂದು ನಕ್ಕೆವು, ಅವರ ಉಳಿತಾಯದಲ್ಲೇ ಓದಿದೆವು.

ಟೀ ಆರುವ ಮೊದಲು ನಾನು ಕೇಳಿಬಿಟ್ಟೆ. "ಲಲಿತಮ್ಮ, ಅಷ್ಟು ವರ್ಷ ಗುಟ್ಟಾಗಿ ಕೂಡಿಟ್ಟದ್ದು ಏತಕ್ಕೆ?"

ಅವರು ಗಂಡನ ಕಡೆ ನೋಡದೆ ಹೇಳಿದರು. "ಅರವತ್ತಕ್ಕೆ ಷಷ್ಟ್ಯಬ್ದಿ ಮಾಡೋಣ ಅಂದೆ. ಇವರು ದಂಡದ ಖರ್ಚು ಅಂದ್ಬಿಟ್ರು. ನಮ್ಮ ಮದುವೆ ಆದಾಗಲೂ ದುಡ್ಡಿರಲಿಲ್ಲ ಕಣೇ, ದೇವಸ್ಥಾನದಲ್ಲಿ ಒಂದು ಗಳಿಗೇಲಿ ಮುಗೀತು. ಊಟಾನೂ ಇವರೇ ಬಡಿಸಿದ್ರು, ಮದುಮಗ. ನನಗೆ ಒಂದ್ಸಲ ಇವರು ಎಲೆ ಮುಂದೆ ಕೂತು ಉಣ್ಣೋದನ್ನ ನೋಡ್ಬೇಕಿತ್ತು. ಎಪ್ಪತ್ತಕ್ಕೆ ಭೀಮರಥ ಶಾಂತಿ ಇದೆಯಲ್ಲ, ಆಗ ಯಾರನ್ನೂ ಕೇಳೋದು ಬೇಡ, ನಾನೇ ಮಾಡಿಸೋಣ ಅಂತ."

ಶ್ರೀಕಂಠಯ್ಯ ಟೀ ಗ್ಲಾಸನ್ನು ಒಂದು ಸುತ್ತು ತಿರುಗಿಸಿದರು. ಕೇಳಿದ್ದು ಇಷ್ಟು: "ಹುಳಿಗೆ ಬೇಳೆ ಯಾರು ಬೇಯಿಸ್ತಾರೆ?"

ಅದು ಒಪ್ಪಿಗೆ. ಅವರ ಜೊತೆ ಒಡನಾಡಿದವರಿಗೆ ಗೊತ್ತಾಗುತ್ತದೆ.

ಮುಂದಿನದ್ದು ಸಂಭ್ರಮ. ಫ್ಲಾಟಿನ ಕೆಳಗಿನ ಸಭಾಂಗಣ ಹಿಡಿದೆವು. ಬೇರೆ ಊರಿನಿಂದ ಅಡುಗೆಯವರು, ಕ್ಲಾಂಗ್‌ನಿಂದ ಪುರೋಹಿತರು ಬಂದರು. ವಾಟ್ಸ್ಆ್ಯಪ್ ಆಮಂತ್ರಣ ನನ್ನ ಜವಾಬ್ದಾರಿ. ಹಣ ಖರ್ಚಾಗಬೇಕಲ್ಲದೆ ಬರಬಾರದಲ್ಲ, ಅದಕ್ಕೆ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಹಾಕಿದೆ. ಕನ್ನಡದಲ್ಲೂ ಹಾಕಿದೆ, ಇಂಗ್ಲಿಷಿನಲ್ಲೂ ಹಾಕಿದೆ. ನನ್ನ ತಪ್ಪೇನೂ ಇಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಲಲಿತಮ್ಮ ಕರೆಯದವರಿಲ್ಲ. ಕನ್ನಡದವರು ಸರಿ. ಎದುರು ಮನೆಯ ತಮಿಳಿನ ಸೆಲ್ವಿ, ಮೇಲಿನ ಮನೆಯ ಚೀನೀ ಲಿಮ್ ಕುಟುಂಬ, ಲಿಫ್ಟ್ ರಿಪೇರಿಯವರು, ಎಲ್ಲರಿಗೂ ಬುಲಾವ್. "ಆ ಪುವಾನ್‌ಗೂ ಹೇಳಿದ್ದೀನಿ" ಎಂದಾಗ ನಾನು ಬೆಚ್ಚಿದೆ. ಅರ್ಜಿ ನೋಡುವವರನ್ನೇ ಊಟಕ್ಕೆ ಕರೆಯುವುದೇ? "ಮನೆಗೆ ಬಂದು ಬರೀ ಕಾಫಿ ಕುಡಿದು ಹೋದೋರು ಕಣೇ," ಎಂದರು. ಅವರ ಪ್ರಕಾರ ಅಷ್ಟೇ ಕಾರಣ ಸಾಕು.

ಆ ದಿನ ಶ್ರೀಕಂಠಯ್ಯ ರೇಷ್ಮೆ ಪಂಚೆಯುಟ್ಟು ಕಲಶದ ನೀರು ಸುರಿಸಿಕೊಂಡು ನಡುಗುತ್ತಾ ಕೂತಿದ್ದರು. ಮಾಂಗಲ್ಯ ಕಟ್ಟುವಾಗ ಗಂಟು ಹಾಕಲು ಬೆರಳು ಬಗ್ಗಲಿಲ್ಲ. ಲಲಿತಮ್ಮ ತಲೆ ತಗ್ಗಿಸಿಕೊಂಡೇ, "ನಿಧಾನ, ನಾನೆಲ್ಲೂ ಹೋಗಲ್ಲ" ಎಂದರು. ಸಭೆಯೆಲ್ಲ ನಕ್ಕಿತು. ಇಮ್ತಿಯಾಜ್ ಜೋರಾಗಿ ಚಪ್ಪಾಳೆ ತಟ್ಟಿದ. (ಡೈವೋರ್ಸ್ ಲಾಯರ್ ಬಂದಿದ್ದಾನೆ ನೋಡಿ ಎಂದು ನಾನು ಛೇಡಿಸಿದೆ. ಅವನಿಗೆ ಹುಳಿಯನ್ನವೂ ಸಿಕ್ಕಿತು.)

ಊಟಕ್ಕೆ ಕೂರುವ ಹೊತ್ತಿಗೆ ಮದುಮಗ ನಾಪತ್ತೆ. ಎಲ್ಲಿ? ಅಡುಗೆಮನೆಯಲ್ಲಿ, ಹೊಸ ಅಡುಗೆಯವರ ಸಾರಿಗೆ ಉಪ್ಪು ನೋಡುತ್ತಿದ್ದರು. ಲಲಿತಮ್ಮ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದು ಎಲೆಯ ಮುಂದೆ ಕೂರಿಸಿದರು. ಪಕ್ಕದಲ್ಲಿ ತಾವೂ ಕೂತರು. ಆತ ಉಂಡರು. ಆಕೆ ನೋಡಿದರು. ಅಷ್ಟೇ. ಅದಕ್ಕಾಗಿ ಹತ್ತು ವರ್ಷ ಫಾಲ್ ಹೊಲಿದದ್ದು. ನನಗೆ ಅಳು ಬಂತು, ಮೈಸೂರು ಪಾಕನ್ನು ಬಾಯಿಗಿಟ್ಟುಕೊಂಡು ನಿಭಾಯಿಸಿದೆ.

ಪುವಾನ್ ಹಲೀಮಾ ಬಂದರು. ಬಾಳೆಎಲೆಯ ಮುಂದೆ ಕೂತು ಎಲ್ಲವನ್ನೂ ಉಂಡರು, ಅನಾನಸ್ ಗೊಜ್ಜನ್ನು ಮೂರು ಸಲ ಹಾಕಿಸಿಕೊಂಡರು. ಹೋಗುವಾಗ ಹುಳಿಯನ್ನವನ್ನು ಮನೆಗೆ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡರು. ಬಾಗಿಲಲ್ಲಿ ಲಲಿತಮ್ಮನ ಎರಡೂ ಕೈ ಹಿಡಿದು ಕುಲುಕಿದರು.

ಈಗ ತಪ್ಪಿನ ವಿಷಯಕ್ಕೆ ಬರೋಣ.

'ಆಶೀರ್ವಾದವೇ ಉಡುಗೊರೆ' ಎಂಬ ಸಾಲನ್ನು ನಂಬಿ ಕೈ ಬೀಸಿಕೊಂಡು ಮದುವೆಗೆ ಹೋದ ಕನ್ನಡಿಗನನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಹಾಗೆ ಬರೆಯದಿದ್ದರೆ ನೂರು ಇಡುವವನು ಬರೆದರೆ ನೂರೊಂದು ಇಡುತ್ತಾನೆ. ನಮ್ಮವರೆಲ್ಲ ಮುಯ್ಯಿ ಮಾಡಿದರು. ಸೆಲ್ವಿಯ ಕಡೆಯವರು ಅದನ್ನೇ ಮೊಯ್ ಎಂದು ಕರೆದು ಕವರಿನಲ್ಲಿ ಇಟ್ಟರು. ಲಿಮ್ ಕುಟುಂಬ ಕೆಂಪು ಲಕೋಟೆ ತಂದಿತ್ತು. ಮಲಯ್ ಅತಿಥಿಗಳು ಹೊರಡುವಾಗ ಮಡಚಿದ ನೋಟನ್ನು ಹಸ್ತಲಾಘವದ ಒಳಗೇ ಇಟ್ಟು ಕೊಡುತ್ತಾರೆ, ಅದು ಅವರ ಪದ್ಧತಿ. ಪುವಾನ್ ಹಲೀಮಾ ಬಾಗಿಲಲ್ಲಿ ಕೈ ಕುಲುಕಿದ್ದರಲ್ಲ?

ಮರುದಿನ ಬೆಳಿಗ್ಗೆ ಇಬ್ಬರೂ ನೆಲದ ಮೇಲೆ ಕೂತು ಎಲ್ಲವನ್ನೂ ಬಿಚ್ಚಿದರು. ನಾನೂ ಇದ್ದೆ. ಎಣಿಸಿ, ಮತ್ತೆ ಎಣಿಸಿ, ಬ್ಯಾಂಕಿನಲ್ಲಿ ಉಳಿದದ್ದಕ್ಕೆ ಸೇರಿಸಿದೆವು. ಅಷ್ಟು ಕಷ್ಟಪಟ್ಟು ಖರ್ಚು ಮಾಡಿ ಗೀಟಿನ ಕೆಳಗಿಳಿದಿದ್ದ ದಂಪತಿ ಮತ್ತೆ ಗೀಟಿನ ಮೇಲೆ.

ಶ್ರೀಕಂಠಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. "ಲಲಿತಾ, ಎರಡನೇ ಮದುವೇಲಿ ಸಾಹುಕಾರರಾದೆವು ಕಣೇ. ಗೀಟು ದಾಟಿಸಿದ್ದು ಯಾರ ನೋಟೋ, ಆ ಪುವಾನ್‌ದೇ ಇರ್ಬೇಕು."

ನನಗೆ ನಗು ಬರಲಿಲ್ಲ. ನಗುವಾಗಲೂ ಅವರು ಒಂದು ಕೈಯಲ್ಲಿ ಮಂಡಿ ಒತ್ತಿಕೊಳ್ಳುತ್ತಿದ್ದರು. ಆ ಭಾನುವಾರವೇ ಯಾರದ್ದೋ ನಾಮಕರಣದ ಅಡುಗೆ ಒಪ್ಪಿಕೊಂಡಿದ್ದರು.

ಪುವಾನ್ ಮತ್ತೆ ವಿಚಾರಿಸಲು ಬಂದಾಗ ಮುಚ್ಚಿಡಬಹುದಿತ್ತು. ಮನೆಯಲ್ಲಿರುವ ನೋಟು ಯಾರಿಗೆ ಕಾಣುತ್ತದೆ? ಲಲಿತಮ್ಮ ಎಲ್ಲವನ್ನೂ ತಂದು ಅವರ ಮುಂದಿಟ್ಟರು. "ಆದರೆ ಇದು ಉಳಿತಾಯ ಅಲ್ಲ," ಎಂದು ಮಲಯ್‌ನಲ್ಲಿ ಖಡಕ್ಕಾಗಿ ಹೇಳಿದರು. "ಇದು ಮುಯ್ಯಿ. ನಾನು ಎಲ್ಲರಿಗೂ ವಾಪಸ್ ಕೊಡಬೇಕು. ಸೆಲ್ವಿ ಮಗಳ ಸೀಮಂತ ಬರುತ್ತೆ. ಲಿಮ್ ಅವರ ಮೊಮ್ಮಗುವಿಗೆ ತಿಂಗಳು ತುಂಬುತ್ತೆ. ಅವರು ಕೊಟ್ಟದ್ದಕ್ಕೆ ಸ್ವಲ್ಪ ಸೇರಿಸಿ ಕೊಡಬೇಕು, ಅಷ್ಟನ್ನೇ ಕೊಟ್ಟರೆ ಮರ್ಯಾದೆ ಅಲ್ಲ."

ಪುವಾನ್ ಗಂಭೀರವಾಗಿಯೇ ಕೇಳಿಸಿಕೊಂಡರು. "ನಮ್ಮ ಊರಲ್ಲೂ ಹೀಗೇ ಆಂಟಿ. ನನಗೆ ಅರ್ಥವಾಗುತ್ತೆ. ನಿಯಮಕ್ಕೆ ಅರ್ಥವಾಗಲ್ಲ. ಕೊಟ್ಟಾದ ಮೇಲೆ ಕರೆಯಿರಿ." ಅಷ್ಟು ಹೇಳಿ ಹಣದ ರಾಶಿಯ ಕಡೆ ಒಮ್ಮೆ ನೋಡಿ, ತಮ್ಮ ನೋಟಿನ ನೆನಪಾಯಿತೇನೋ, ಕಿವಿಯವರೆಗೆ ಕೆಂಪಾದರು.

ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಲಲಿತಮ್ಮ ಮುಯ್ಯಿ ತೀರಿಸಿದ ರೀತಿಯನ್ನು ನೀವು ನೋಡಬೇಕಿತ್ತು. ಮಾಲಿನಲ್ಲಿ ಒಂದು ಸೀರೆಗೆ ಬಿಚ್ಚದ ಪರ್ಸು ಸೀಮಂತಕ್ಕೆ ಬಿಚ್ಚಿತು, ತಿಂಗಳ ಕೂಸಿಗೆ ಬಿಚ್ಚಿತು, ಇಮ್ತಿಯಾಜ್ ಹೊಸ ಮನೆಗೆ ಹೋದಾಗ ಬಿಚ್ಚಿತು. ಪ್ರತಿ ಸಲವೂ ಬಂದದ್ದಕ್ಕಿಂತ ಒಂದಿಷ್ಟು ಜಾಸ್ತಿ. ತಮಗಾಗಿ ಖರ್ಚು ಮಾಡಲು ಬಾರದವರಿಗೆ ಇನ್ನೊಬ್ಬರ ಸಂತೋಷಕ್ಕೆ ಖರ್ಚು ಮಾಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪುವಾನ್‌ರ ನೋಟೊಂದು ಮಾತ್ರ ದೇವರ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ಅರ್ಜಿದಾರರಿಂದ ಅವರು ಹಣ ಮುಟ್ಟುವಂತಿಲ್ಲ. ರಿಟೈರ್ ಆದ ಮೇಲೆ ಇಸಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಾರೆ.

ಉಳಿತಾಯ ಗೀಟಿನ ಕೆಳಗಿಳಿಯಿತು. ಅರ್ಜಿ ಮಂಜೂರಾಯಿತು.

ಮೊದಲ ತಿಂಗಳ ಹಣ ಬಂದ ದಿನ ಶ್ರೀಕಂಠಯ್ಯ ದೊಡ್ಡ ಸೌಟನ್ನು ತೊಳೆದು ಒರೆಸಿ ಗೋಡೆಗೆ ತೂಗುಹಾಕಿದರು. ಈಗ ಇಬ್ಬರಿಗಾಗುವಷ್ಟು ಸಾರನ್ನು ಮಾತ್ರ ಮಾಡುತ್ತಾರೆ, ಅದೂ ಕೂತುಕೊಂಡು.

ಕಳೆದ ವಾರ ಹೋದಾಗ ಮನೆಯಲ್ಲಿ ಅವರೊಬ್ಬರೇ ಇದ್ದರು. ಲಲಿತಮ್ಮ ಎಲ್ಲಿ ಎಂದೆ.

"ಬ್ಯಾಂಕಿಗೆ ಹೋಗಿದ್ದಾಳಮ್ಮ. ಬಂದಿದ್ರಲ್ಲಿ ಸ್ವಲ್ಪ ತೆಗೆದು ಕಟ್ತಾಳಂತೆ."

"ಅಯ್ಯೋ, ಮತ್ತೆ ಉಳಿತಾಯವೇ? ಏತಕ್ಕೆ?"

ಶ್ರೀಕಂಠಯ್ಯ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೊಸ ಮದುಮಗನ ಹಾಗೆ ನಕ್ಕರು. "ಎಂಬತ್ತು ದಾಟಿದ ಮೇಲೆ ಸಹಸ್ರ ಚಂದ್ರ ದರ್ಶನದ ಶಾಂತಿ ಅಂತ ಒಂದಿದೆಯಂತೆ. ಈ ಸಲ ನನಗೆ ಮೊದಲೇ ಹೇಳಿದ್ದಾಳೆ."

ಮೂರನೇ ಸಲ ಅದೇ ಗಂಡನನ್ನು ಮದುವೆಯಾಗಲು ದುಡ್ಡು ಕೂಡಿಡುವ ಹೆಂಗಸನ್ನು ಯಾವ ಸರ್ಕಾರ ತಾನೇ ಯಾವ ಗೀಟಿನ ಕೆಳಗೆ ಇಟ್ಟೀತು?